ಹಳೇ ಎಕ್ಸ್-ಮೆನ್ ಸಂಚಿಕೆಗಳನ್ನು ರದ್ದಿಗೆ ಹಾಕಿ ಆ್ಯಪ್‌ನಲ್ಲೇ ಮತ್ತೆ ಓದಬಹುದೇ?

ನಿಮ್ಮ ಪ್ರಶ್ನೆ ಉದ್ದವಿದೆ. ಅಪ್ಪ ಮಸ್ಕತ್‌ನಿಂದ ರಜೆಗೆ ಬರುವಾಗ ತರುತ್ತಿದ್ದ ಎಕ್ಸ್-ಮೆನ್, ಟೀನ್ ಟೈಟನ್ಸ್ ಎಂಬ ಅಮೆರಿಕನ್ ಸೂಪರ್‌ಹೀರೋ ತಂಡಗಳ ಕಾಮಿಕ್ಸನ್ನು ಐವತ್ತರ ಹೊಸ್ತಿಲಲ್ಲಿ ಮತ್ತೆ ಓದಬೇಕು, ದಪ್ಪ ಸಂಪುಟ ಕೊಳ್ಳಲೋ ಆ್ಯಪ್‌ಗೆ ಚಂದಾ ಕಟ್ಟಲೋ, ಯಾವ ಕ್ರಮದಲ್ಲಿ ಓದಲಿ, ಆಗಿನ ಮಜಾ ಈಗ ಸಿಗುತ್ತದಾ ಅಂತೆಲ್ಲ ಕೇಳಿದ್ದೀರಿ. ನನ್ನ ಕಣ್ಣು ನಿಂತದ್ದು ಕೊನೆಯ ಸಾಲಿನಲ್ಲಿ. ಉಡುಪಿ ಮನೆಯ ಅಟ್ಟದಲ್ಲಿ ಹಳೇ ಸಂಚಿಕೆಗಳ ಪೆಟ್ಟಿಗೆ ಇದೆ, ಹೇಗೂ ಆ್ಯಪ್‌ನಲ್ಲಿ ಎಲ್ಲ ಸಿಗುತ್ತದಲ್ಲ, ರದ್ದಿಗೆ ಹಾಕಿಬಿಡಲೇ ಅಂದಿದ್ದೀರಿ.

ಬೇಡ. ದಮ್ಮಯ್ಯ, ಬೇಡ.

ನಾನು ಶಿವಮೊಗ್ಗದಿಂದ ಎಂಎಸ್ ಮಾಡಲು ಅಮೆರಿಕದ ಕ್ಲೀವ್‌ಲ್ಯಾಂಡ್‌ಗೆ ಹೋಗಿ ಇಳಿದದ್ದು 1989ರಲ್ಲಿ. ರೂಮ್‌ಮೇಟ್ ಧಾರವಾಡದವನು. ಸೂಪರ್‌ಮ್ಯಾನನ್ನು ಸೃಷ್ಟಿಸಿದ ಸೀಗಲ್, ಶುಸ್ಟರ್ ಎಂಬ ಇಬ್ಬರು ಹುಡುಗರು ಅದೇ ಊರಿನವರು ಅನ್ನುವುದೆಲ್ಲ ನಮಗೆ ಗೊತ್ತಾದದ್ದು ಆಮೇಲೆ. ನಮಗೆ ಗೊತ್ತಿದ್ದದ್ದು ಚಳಿ ಒಂದೇ. ಬಸ್ ಸ್ಟಾಪಿನ ಪಕ್ಕ ಒಂದು ಕಾಮಿಕ್ಸ್ ಅಂಗಡಿ ಇತ್ತು, ಬಸ್ ಬರುವ ತನಕ ಬೆಚ್ಚಗಿರಲೆಂದು ಅದರೊಳಗೆ ನುಗ್ಗುತ್ತಿದ್ದೆವು. ಏನೂ ಕೊಳ್ಳದೆ ಎಷ್ಟು ದಿನ ಅಂತ ನಿಲ್ಲುವುದು? ಒಂದು ದಿನ ನಾಚಿಕೆಗೆ ಒಂದು ಡಾಲರ್ ಕೊಟ್ಟು 'ಅನ್‌ಕ್ಯಾನಿ ಎಕ್ಸ್-ಮೆನ್' ತಂದೆವು. ಐವತ್ತು ಸೆಂಟ್ ನನ್ನದು, ಐವತ್ತು ಅವನದು. ಈ ಐವತ್ತು-ಐವತ್ತರ ಲೆಕ್ಕ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಓದಿದರೆ ತಲೆಬುಡ ಅರ್ಥವಾಗಲಿಲ್ಲ. ಆ ಹೊತ್ತಿಗೆ ಕತೆಗಾರ ಕ್ರಿಸ್ ಕ್ಲೇರ್‌ಮಾಂಟ್ ಆಸ್ಟ್ರೇಲಿಯಾದ ಮರುಭೂಮಿಯಲ್ಲಿ ಬೀಡುಬಿಟ್ಟಿದ್ದ ತನ್ನ ತಂಡವನ್ನು ಒಡೆದು ಜಗತ್ತಿನ ಮೂಲೆಮೂಲೆಗೆ ಚದುರಿಸಿಬಿಟ್ಟಿದ್ದ. ಒಬ್ಬರು ಎಲ್ಲಿದ್ದಾರೆಂದು ಇನ್ನೊಬ್ಬರಿಗೆ ಗೊತ್ತಿಲ್ಲ, ಕೆಲವರಿಗೆ ತಾವು ಯಾರೆಂಬುದೇ ಮರೆತಿದೆ. ತಂಡದ ಕಾಮಿಕ್ಸಿನಲ್ಲಿ ತಿಂಗಳುಗಟ್ಟಲೆ ತಂಡವೇ ಇಲ್ಲ! "ನಮ್ಮ ಕತಿನೂ ಇದ ಅಲ್ಲೇನಲೇ," ಅಂದ ಗೆಳೆಯ. ಅಲ್ಲಿಗೆ ನಾವು ಸಿಕ್ಕಿಬಿದ್ದೆವು.

ಹಿಂದಿನ ಕತೆ ತಿಳಿಯಲು ಅಂಗಡಿಯವನು 'ಕ್ಲಾಸಿಕ್ ಎಕ್ಸ್-ಮೆನ್' ಎಂಬ ಮರುಮುದ್ರಣ ತೋರಿಸಿದ. 1975ರಲ್ಲಿ ಶುರುವಾದ ಹೊಸ ತಂಡದ ಕತೆಗಳನ್ನು ಪ್ರಕಾಶಕರಾದ ಮಾರ್ವೆಲ್‌ನವರು 1986ರಿಂದ ತಿಂಗಳಿಗೊಂದರಂತೆ ಬಣ್ಣದಲ್ಲಿ ಮತ್ತೆ ಅಚ್ಚು ಹಾಕುತ್ತಿದ್ದರು. ಆ ತಂಡದಲ್ಲಿ ಜರ್ಮನಿಯ ಕರ್ಟ್, ಕೀನ್ಯಾದಿಂದ ಬಂದ ಒರೊರೊ, ಕೆನಡಾದ ಲೋಗನ್ ಅಂದರೆ ವುಲ್ವರೀನ್, ಸೋವಿಯತ್ ರೈತನ ಮಗ ಪಿಯೋತ್ರ್ ಅಂದರೆ ಕೊಲಾಸಸ್, ಐರ್ಲೆಂಡಿನ ಶಾನ್. ಎಲ್ಲರೂ ಇಂಗ್ಲಿಷೇ ಮಾತಾಡುತ್ತಾರೆ, ಪೆಟ್ಟು ಬಿದ್ದಾಗ, ಬೆರಗಾದಾಗ ಮಾತ್ರ ಬಾಯಿಂದ ಸ್ವಂತ ಭಾಷೆ ಬರುತ್ತದೆ. ನಾವಿದ್ದ ಬಾಡಿಗೆ ಮನೆಯೂ ಹಾಗೇ ಇತ್ತು. ಹಿಮದ ಮೇಲೆ ಜಾರಿ ಬಿದ್ದಾಗ ಯಾರೂ ಇಂಗ್ಲಿಷಿನಲ್ಲಿ "ಅವ್ವಾ" ಅನ್ನುವುದಿಲ್ಲ.

ಆ ಚಳಿಗಾಲ ಕ್ಲಾಸಿಕ್‌ನಲ್ಲಿ ಬರುತ್ತಿದ್ದದ್ದು ಫೀನಿಕ್ಸ್ ಕತೆ, ಮೂಲದಲ್ಲಿ 1980ರದ್ದು. ಕ್ಲೇರ್‌ಮಾಂಟ್ ಮತ್ತು ಚಿತ್ರಗಾರ ಜಾನ್ ಬರ್ನ್ ಜೋಡಿಯದು. ಒಂದು ಸಂಚಿಕೆಯ ಕೊನೆಯ ಪುಟದಲ್ಲಿ ಇಡೀ ತಂಡ ಸೆರೆಸಿಕ್ಕಿದೆ, ಕೆಳಗೆ ಚರಂಡಿ ನೀರಿನಿಂದ ವುಲ್ವರೀನ್ ಒಬ್ಬನೇ ಎದ್ದು ಬರುತ್ತಾನೆ. ಅಷ್ಟೇ. ಮುಂದಿನದು ಮುಂದಿನ ತಿಂಗಳು. ಆ ತಿಂಗಳೆಲ್ಲ ಅನ್ನ-ಸಾರು ಮಾಡುತ್ತ ನಮ್ಮದು ಅದೇ ಮಾತು: ಒಬ್ಬ ಎಷ್ಟು ಜನರನ್ನು ಹೊಡೆಯಬಹುದು, ಯಾರನ್ನು ಮೊದಲು ಬಿಡಿಸುತ್ತಾನೆ.

ಗೆಳೆಯನಿಗೊಂದು ಚಟ. ಪೆನ್ಸಿಲ್ ಹಿಡಿದೇ ಓದುತ್ತಿದ್ದ, ಪುಟದ ಅಂಚಿನಲ್ಲಿ ಕನ್ನಡದಲ್ಲಿ ಗೀಚುತ್ತಿದ್ದ. ತಂಡದ ನಾಯಕ ಸೈಕ್ಲಾಪ್ಸ್ ಎದುರಿಗೆ ಶತ್ರು ನಿಂತಿದ್ದರೂ ಮೂರು ಗುಳ್ಳೆ ತುಂಬ ಯೋಚನೆ ಮಾಡುವಾಗ ಪಕ್ಕದಲ್ಲಿ "ಸಾಕ ಮಾಡೋ ತಮ್ಮಾ, ಮೊದಲ ಹೊಡೀ". ತಂಡದ ಹುಡುಗಿ ಜೀನ್ ಗ್ರೇ ಫೀನಿಕ್ಸ್ ಎಂಬ ಮಹಾಶಕ್ತಿಯಾಗಿ ಒಂದು ನಕ್ಷತ್ರ ನುಂಗಿ, ಅದರ ಗ್ರಹದ ಐನೂರು ಕೋಟಿ ಜೀವಗಳನ್ನು ಸುಟ್ಟು, ಕೊನೆಗೆ ಚಂದ್ರನ ಮೇಲೆ ತನ್ನನ್ನು ತಾನೇ ಕೊಂದುಕೊಳ್ಳುತ್ತಾಳಲ್ಲ, ಆ ಪುಟದ ಅಂಚಿನಲ್ಲಿ "ಸತ್ತಾಕಿ ಬಾಜೂ ರ‍್ಯಾಕಿನ್ಯಾಗ ಅದಾಳ". ನಿಜವಾಗಿ ಇದ್ದಳು! 1986ರಲ್ಲೇ ಅವಳನ್ನು ಬದುಕಿಸಿ 'ಎಕ್ಸ್-ಫ್ಯಾಕ್ಟರ್' ಅನ್ನುವ ಇನ್ನೊಂದು ತಂಡಕ್ಕೆ ಸೇರಿಸಿದ್ದರು. ಒಂದೇ ಅಂಗಡಿ, ಒಂದೇ ಚಳಿಗಾಲ, ಒಂದರಲ್ಲಿ ಸಾಯುತ್ತಿದ್ದಾಳೆ, ಪಕ್ಕದ್ದರಲ್ಲಿ ಜಗಳವಾಡುತ್ತಿದ್ದಾಳೆ. ಅಷ್ಟಾದರೂ ಅವತ್ತು ಇಬ್ಬರೂ ಸರಿಯಾಗಿ ಊಟ ಮಾಡಲಿಲ್ಲ.

1992ರಲ್ಲಿ ಅವನಿಗೆ ಟೆಕ್ಸಾಸ್‌ನಲ್ಲಿ ಕೆಲಸ ಸಿಕ್ಕಿತು. ನೂರರವತ್ತು ಚಿಲ್ಲರೆ ಸಂಚಿಕೆಗಳ ಉದ್ದನೆಯ ಬಿಳಿ ರಟ್ಟಿನ ಡಬ್ಬ ನನ್ನಲ್ಲೇ ಬಿಟ್ಟು ಹೋದ. "ನೀ ಇಟ್ಕೊಂಡಿರು, ಆಮ್ಯಾಲ ಹಂಚ್ಕೊಳ್ಳೋಣಂತ."

ಈಗ ನನ್ನ ತಪ್ಪಿಗೆ ಬರುತ್ತೇನೆ. ತುಸು ಬಿಡಿಸಿ ಹೇಳುತ್ತೇನೆ, ಯಾಕೆಂದರೆ ನೀವು ಈಗ ಮಾಡುತ್ತಿರುವ ಲೆಕ್ಕ ಅಕ್ಷರಶಃ ನಾನು ಮಾಡಿದ ಲೆಕ್ಕವೇ.

2004ರಲ್ಲಿ ಸಂಸಾರ ಸಮೇತ ಬೆಂಗಳೂರಿಗೆ ವಾಪಸ್ ಹೊರಟೆವು. ಹಡಗಿಗೆ ಹಾಕುವ ಸಾಮಾನಿನ ಪಟ್ಟಿ ಮಾಡುವಾಗ ಹೆಂಡತಿ ಡಬ್ಬ ತೋರಿಸಿ "ಇದು?" ಅಂದಳು. ಬಿಸಾಡು ಅನ್ನಲಿಲ್ಲ ಪಾಪ, ಕೇಳಿದಳು ಅಷ್ಟೆ. ನಾನೇ ಜಾಣನಾದೆ. ಆ ಹೊತ್ತಿಗೆ ನನ್ನ ಬಳಿ 'ಎಸೆನ್ಷಿಯಲ್ ಎಕ್ಸ್-ಮೆನ್' ಸಂಪುಟಗಳಿದ್ದವು. ಟೆಲಿಫೋನ್ ಡೈರೆಕ್ಟರಿಯಂಥ ದಪ್ಪ ಪುಸ್ತಕಗಳು, ಒಂದೊಂದರಲ್ಲಿ ಇಪ್ಪತ್ತೈದು ಸಂಚಿಕೆಗಳ ಆಸುಪಾಸು, ಅಗ್ಗ, ಆದರೆ ಕಪ್ಪು-ಬಿಳುಪು. ನನ್ನ ತರ್ಕ ಹೀಗಿತ್ತು: ಕತೆ ಅದೇ, ಚಿತ್ರ ಅದೇ, ಮಾತು ಅದೇ. ಡಬ್ಬದಲ್ಲಿರುವುದೆಲ್ಲ ಈ ಮೂರು ಪುಸ್ತಕದಲ್ಲಿದೆ. ಉಳಿದದ್ದು ಬರೀ ಹಳದಿ ಕಾಗದ.

ಮೊದಲನೆಯದಾಗಿ, ಅದು ಸುಳ್ಳು. ಮೂರು ಸಂಪುಟಗಳಲ್ಲಿ ಇದ್ದದ್ದು ಎಂಬತ್ತರ ದಶಕದ ಮೊದಲ ವರ್ಷಗಳ ತನಕದ ಕತೆ ಮಾತ್ರ. ನಾವು ಸಿಕ್ಕಿಬಿದ್ದ ಆ ತಂಡವಿಲ್ಲದ ತಂಡದ ಸಂಚಿಕೆಗಳು ಅದರಲ್ಲಿ ಎಲ್ಲಿವೆ? ಅಷ್ಟೂ ನೋಡದೆ ಲೆಕ್ಕ ಹಾಕಿದ್ದೆ.

ಎರಡನೆಯದು ಬಣ್ಣ. ಫೀನಿಕ್ಸ್ ಒಳ್ಳೆಯವಳಾಗಿದ್ದಾಗ ಹಸಿರು ಉಡುಪು, ಬುದ್ಧಿ ಕೆಟ್ಟ ಕ್ಷಣದಿಂದ ಅದೇ ಉಡುಪು ಕಡುಗೆಂಪು. ಬೇರೆ ಗೆರೆ ಬದಲಾಗುವುದಿಲ್ಲ, ಬಣ್ಣ ಮಾತ್ರ. ಗ್ಲಿನಿಸ್ ವೀನ್ ಹಾಕಿದ ಆ ಕೆಂಪು ನ್ಯೂಸ್‌ಪ್ರಿಂಟ್ ಕಾಗದದ ಮೇಲೆ ಸಣ್ಣ ಸಣ್ಣ ಚುಕ್ಕಿಯಾಗಿ ಕೂತು, ಪುಟ ತಿರುಗಿಸಿದ ಕೂಡಲೇ ಎದೆ ಧಸಕ್ಕನ್ನುತ್ತಿತ್ತು. ಕಪ್ಪು-ಬಿಳುಪಿನಲ್ಲಿ ಹಸಿರೂ ಇಲ್ಲ, ಕೆಂಪೂ ಇಲ್ಲ. ಹಿಂದಿನ ಪುಟದಲ್ಲೂ ಬಿಳಿ ಹುಡುಗಿ, ಮುಂದಿನ ಪುಟದಲ್ಲೂ ಬಿಳಿ ಹುಡುಗಿ. ಇಡೀ ಕತೆ ನಿಂತಿರುವುದೇ ಆ ಒಂದು ಬದಲಾವಣೆಯ ಮೇಲೆ, ನಾನು "ಚಿತ್ರ ಅದೇ" ಅಂದುಕೊಂಡಿದ್ದೆ.

ಮೂರನೆಯದು ಪೆನ್ಸಿಲ್. ಅದು ಲೆಕ್ಕಕ್ಕೇ ಬರಲಿಲ್ಲ. ನಾಲ್ಕನೆಯದು, ಡಬ್ಬದ ಅರ್ಧ ನನ್ನದಲ್ಲ. ಒಂದು ಫೋನ್ ಮಾಡಬಹುದಿತ್ತು. ನಂಬರ್ ಇತ್ತು, ದೀಪಾವಳಿಗೆ ಮಾತಾಡುತ್ತಿದ್ದೆವು. ಅವನಿಗೆ ಎರಡು ಮಕ್ಕಳು, ಇದೆಲ್ಲ ಎಲ್ಲಿ ನೆನಪಿರುತ್ತದೆ ಅಂತ ನಾನೇ ಅವನ ಪರವಾಗಿ ತೀರ್ಮಾನಿಸಿಬಿಟ್ಟೆ. ಡಬ್ಬ ಹೊತ್ತುಕೊಂಡು ಹೋಗಿ ಒಂದು ಅಂಗಡಿಗೆ ಕೊಟ್ಟೆ. ಇಡೀ ಡಬ್ಬಕ್ಕೆ ನಲವತ್ತು ಡಾಲರ್. ಬರುವ ದಾರಿಯಲ್ಲಿ ಪಿಜ್ಜಾ ತಂದೆ.

2013ರಲ್ಲಿ ನಿಮಗೆ ಬಂದಿರುವ ಆಸೆ ನನಗೂ ಬಂತು. ಎರಡನೇ ಸಂಪುಟ ತೆಗೆದು ಶನಿವಾರ, ಭಾನುವಾರ ಕೂತು ಮುಗಿಸಿದೆ. ಅದರಲ್ಲಿ 'ಡೇಸ್ ಆಫ್ ಫ್ಯೂಚರ್ ಪಾಸ್ಟ್' ಕೂಡ ಇದೆ, 1981ರ ಕತೆ. ರೋಬೋಟ್‌ಗಳ ಕೈಯಲ್ಲಿ ಅಮೆರಿಕ ಹಾಳಾಗಿರುವ ಅದರ ಭಯಂಕರ ಭವಿಷ್ಯದ ಇಸವಿ 2013. ಹೊರಗೆ ವಿಜಯನಗರದಲ್ಲಿ ಸೊಪ್ಪಿನವಳು ಕೂಗುತ್ತಿದ್ದಳು. ನಗು ಬಂತು, ಬೇರೇನೂ ಬರಲಿಲ್ಲ. ಪ್ರತಿ ಇಪ್ಪತ್ತು ಪುಟಕ್ಕೊಮ್ಮೆ ವುಲ್ವರೀನ್‌ನ ಉಗುರು ಯಾವ ಲೋಹದ್ದು, ಕೊಲಾಸಸ್‌ನ ಮೈ ಹೇಗೆ ಉಕ್ಕಾಗುತ್ತದೆ ಅಂತ ಮತ್ತೆ ಮತ್ತೆ ವಿವರಣೆ. ರೇಗಿಹೋಯಿತು. ಇದೆಲ್ಲ ಇಪ್ಪತ್ತೆರಡರ ಹುಡುಗರ ಹುಚ್ಚು, ಡಬ್ಬ ಕೊಟ್ಟದ್ದೇ ಒಳ್ಳೆಯದಾಯಿತು ಅಂದುಕೊಂಡೆ.

ತಪ್ಪು ಕಾಮಿಕ್ಸಿನದಲ್ಲ ಎಂದು ಹೊಳೆಯಲು ಸಮಯ ಹಿಡಿಯಿತು. ಹರಿಕಥೆಯ ದಾಸರು ದಿನಾ ಶುರುವಿಗೆ ನಿನ್ನೆಯ ಕತೆ ಹೇಳುತ್ತಾರೆ, ಯಾಕೆಂದರೆ ಇವತ್ತೇ ಮೊದಲ ಸಲ ಬಂದು ಕೂತವರೂ ಇರುತ್ತಾರೆ. ಏಳು ದಿನದ ಹರಿಕಥೆಯನ್ನು ರೆಕಾರ್ಡ್ ಮಾಡಿಕೊಂಡು ಒಂದೇ ಮಧ್ಯಾಹ್ನ ಕೇಳಿ, ದಾಸರು ಹೇಳಿದ್ದನ್ನೇ ಹೇಳುತ್ತಾರೆ ಅಂದರೆ ಹೇಗೆ? ಕ್ಲೇರ್‌ಮಾಂಟ್ ಹದಿನಾರು ವರ್ಷ ಬರೆದದ್ದು ತಿಂಗಳಿಗೊಮ್ಮೆ ಅಂಗಡಿಗೆ ಬರುವವನಿಗೆ. ಚರಂಡಿಯಿಂದ ವುಲ್ವರೀನ್ ಎದ್ದ ಮರುಕ್ಷಣ ಮುಂದಿನ ಪುಟ ತಿರುಗಿಸಿದರೆ ಆ ಅನ್ನ-ಸಾರಿನ ತಿಂಗಳು ಎಲ್ಲಿ ಬಂತು?

2017ರಲ್ಲಿ ಗೆಳೆಯನ ಫೋನ್. ತಮ್ಮನ ಮಗಳ ಮದುವೆಗೆ ಬರುತ್ತಿದ್ದಾನೆ, ಮಗಳು ಈಗ ಅದೇ ಹಳೇ ಎಕ್ಸ್-ಮೆನ್ ಓದುತ್ತಿದ್ದಾಳೆ. "ಆ ಡಬ್ಬಿ ಐತಲಾ?" ನಾಲಿಗೆ ತಾನಾಗಿಯೇ "ಇದೆ ಇದೆ, ಶಿವಮೊಗ್ಗದಲ್ಲಿದೆ" ಅಂದಿತು. ಆಮೇಲೆ ನಿದ್ದೆ ಇಲ್ಲ. ಈಬೇನಲ್ಲಿ ಹುಡುಕಿ ಫೀನಿಕ್ಸ್ ಕತೆಯ ಹತ್ತು ಕ್ಲಾಸಿಕ್ ಸಂಚಿಕೆ ಕೊಂಡು, ನ್ಯೂಜೆರ್ಸಿಯಲ್ಲಿರುವ ಅಕ್ಕನ ಮಗಳ ಮನೆಗೆ ತರಿಸಿದೆ. ಅವಳು ಊರಿಗೆ ಬರುವಾಗ ಸೀರೆಗಳ ನಡುವೆ ಇಟ್ಟುಕೊಂಡು ತಂದಳು.

ಗೆಳೆಯ ಬಂದ. ಕಾಫಿ ಕೈಯಲ್ಲಿ ಹಿಡಿದೇ ಚಂದ್ರನ ಮೇಲಿನ ಸಾವಿನ ಸಂಚಿಕೆ ತೆಗೆದು ನೇರ ಆ ಪುಟಕ್ಕೆ ಹೋದ. ಅಂಚಿನ ಮೇಲೆ ಹೆಬ್ಬೆರಳು ಆಡಿಸಿದ. ಹಿಂದಿನ ಪುಟ ನೋಡಿದ, ಮತ್ತೆ ಮುಂದಿನದು.

"ಇದು ನಮ್ದಲ್ಲಲೇ."

ಎಲ್ಲ ಹೇಳಿದೆ. ಸಿಟ್ಟಾಗಲಿಲ್ಲ. "ಎಷ್ಟಕ್ಕ ಕೊಟ್ಟಿ?" ನಲವತ್ತು ಡಾಲರ್. "ಹಂಗಾರ ನನಗ ಇಪ್ಪತ್ತು ಬರಬೇಕು." ತಮಾಷೆ ಅಂದುಕೊಂಡು ನಕ್ಕೆ. ಅವನು ನಗಲಿಲ್ಲ. ಒಳಗೆ ಹೋಗಿ ಸಾವಿರದ ಮುನ್ನೂರು ರೂಪಾಯಿ ತಂದುಕೊಟ್ಟೆ, ಎಣಿಸಿ ಜೇಬಿಗಿಟ್ಟುಕೊಂಡ. ಮಗಳಿಗೆಂದು ಕೊಟ್ಟ ಹತ್ತು ಸಂಚಿಕೆಗಳನ್ನು ಮೇಜಿನ ಮೇಲೇ ಬಿಟ್ಟು ಹೋದ. ಈಗಲೂ ದೀಪಾವಳಿಗೆ ಮಾತಾಡುತ್ತೇವೆ, ಎಕ್ಸ್-ಮೆನ್ ವಿಷಯ ಮಾತ್ರ ಇಬ್ಬರೂ ಎತ್ತುವುದಿಲ್ಲ.

ಇನ್ನು ನೀವು ಕೇಳಿದ್ದಕ್ಕೆ ಬರುತ್ತೇನೆ. ಸಂಪುಟವೋ ಆ್ಯಪೋ ಅನ್ನುವುದು ಪ್ರಶ್ನೆಯೇ ಅಲ್ಲ. ಪೆಟ್ಟಿಗೆಯಲ್ಲಿ ಇರುವುದನ್ನು ಪೆಟ್ಟಿಗೆಯಿಂದ ಓದಿ, ನಡುವೆ ಕಾಣೆಯಾದ ಸಂಚಿಕೆಗೆ ಮಾತ್ರ ಆ್ಯಪ್. ಕ್ರಮದ ಪಟ್ಟಿ ಹುಡುಕಬೇಡಿ, ನಿಮ್ಮ ಅಪ್ಪ ತಂದ ಕ್ರಮವೇ ನಿಮ್ಮ ಕ್ರಮ. ವಾರಕ್ಕೆ ಒಂದು, ಹೆಚ್ಚೆಂದರೆ ಎರಡು. ಎಕ್ಸ್-ಮೆನ್‌ನಲ್ಲಿ 1991ರ ಹೊಸ ಒಂದನೇ ಸಂಚಿಕೆ ಸಿಕ್ಕಿದರೆ ಅದಕ್ಕೆ ಬೆಲೆ ಬಂದಿದೆಯೇನೋ ಎಂದು ಹಿಗ್ಗಬೇಡಿ, ಐದು ರಕ್ಷಾಪುಟ ಮಾಡಿ ಎಂಬತ್ತು ಲಕ್ಷಕ್ಕೂ ಹೆಚ್ಚು ಪ್ರತಿ ಮಾರಿದ ಪುಸ್ತಕ ಅದು, ಊರೆಲ್ಲ ಇದೆ. ಅದರ ಮೂರನೇ ಸಂಚಿಕೆಗೆ ಕ್ಲೇರ್‌ಮಾಂಟ್ ಬಿಟ್ಟು ಹೋದ, ನೀವೂ ಅಲ್ಲಿಗೇ ನಿಲ್ಲಿಸಬಹುದು. ಟೀನ್ ಟೈಟನ್ಸ್‌ನಲ್ಲಿ ಕತೆಗಾರ ವುಲ್ಫ್‌ಮನ್, ಚಿತ್ರಗಾರ ಪೆರೆಜ್ ಜೋಡಿಯ 1980ರ ನಂತರದವು ಈಗಲೂ ಗಟ್ಟಿ. ನಗಬೇಕಿದ್ದರೆ 1987ರ ಜಸ್ಟಿಸ್ ಲೀಗ್ ಎಂಬ ಇನ್ನೊಂದು ತಂಡದ ಕಾಮಿಕ್ಸ್, ಕೆವಿನ್ ಮಗ್ವೈರ್ ಬರೆದ ಮುಖಗಳಿಗೆ ವಯಸ್ಸೇ ಆಗಿಲ್ಲ. ಮೈತುಂಬ ಚೀಲ, ಕೈತುಂಬ ಬಂದೂಕು ಹೊತ್ತ 1992ರ ನಂತರದ ತಂಡಗಳನ್ನು ನಾನು ಮುಟ್ಟುವುದಿಲ್ಲ.

ಆಗಿನ ಮಜಾ ಸಿಗುತ್ತದಾ? ಅಪ್ಪ ಸೂಟ್‌ಕೇಸ್ ಬಿಚ್ಚುವ ತನಕ ಕಾಯುತ್ತಿದ್ದಿರಲ್ಲ, ಅದು ಯಾವ ಸಂಪುಟದಲ್ಲೂ ಅಚ್ಚಾಗಿಲ್ಲ. ಪೆಟ್ಟಿಗೆಯಲ್ಲಿ ಅಂಗಡಿಯ ಬೆಲೆಚೀಟಿಯೋ, ಅಪ್ಪನ ಕೈಬರಹವೋ ಇದ್ದೀತು, ನೋಡಿ.

ಉಡುಪಿ ಅಂದಿರಿ. ಹೆಂಚಿನ ಮನೆಯಾದರೆ ಮಳೆಗಾಲಕ್ಕೆ ಮೊದಲೇ ಪೆಟ್ಟಿಗೆ ಇಳಿಸಿ. ನ್ಯೂಸ್‌ಪ್ರಿಂಟ್ ತೇವ ಕುಡಿದರೆ ಪುಟಕ್ಕೆ ಪುಟ ಅಂಟುತ್ತದೆ, ಗೆದ್ದಲಿಗೆ ಬೇರೆ ಆಹ್ವಾನ ಬೇಕಿಲ್ಲ. ಬಿಸಿಲಿಗೆ ಹಾಕಬೇಡಿ, ಬಣ್ಣ ಹಾರುತ್ತದೆ. ನೆರಳಲ್ಲಿ ಫ್ಯಾನಿನ ಕೆಳಗೆ ಎರಡು ದಿನ ಹರಡಿ, ಆಮೇಲೆ ಗೋಡೆಗೆ ತಾಗದ ಹಾಗೆ ಕಪಾಟಿನಲ್ಲಿ ನೆಟ್ಟಗೆ ನಿಲ್ಲಿಸಿ. ಒಟ್ಟಿಗೆ ಓದುತ್ತಿದ್ದ ಅಣ್ಣನೋ ತಂಗಿಯೋ ಇದ್ದರೆ, ಪೆಟ್ಟಿಗೆ ತೆಗೆಯುವ ಮೊದಲು ಅವರಿಗೊಂದು ಫೋನ್ ಮಾಡಿ.