ದಾಸವಾಳದ ಬಿಳಿ ಹತ್ತಿ: ಔಷಧಿಗಿಂತ ಮೊದಲು ಇರುವೆಯನ್ನು ನೋಡಿ

ಪ್ರಶ್ನೆ: ದಾಸವಾಳದ ಕುಡಿಗಳಿಗೆ ಬಿಳಿ ಹತ್ತಿಯಂಥದ್ದು ಮೆತ್ತಿಕೊಂಡಿದೆ. ಅಂಗಡಿಯಲ್ಲಿ ಕೊಟ್ಟ ಶಿಲೀಂಧ್ರನಾಶಕವನ್ನು ಮೂರು ಸಲ ಸಿಂಪಡಿಸಿದರೂ ಹೋಗಿಲ್ಲ. ಇನ್ನೂ ಜೋರಾದ ಔಷಧಿ ಯಾವುದು?

ಉತ್ತರ: ಅದು ಬೂಷ್ಟಲ್ಲ, ಹಿಟ್ಟು ತಿಗಣೆ, ಶಿಲೀಂಧ್ರನಾಶಕದಿಂದ ಅದು ಸಾಯುವುದಿಲ್ಲ. ಪ್ರತಿ ಬೇಸಿಗೆಯಲ್ಲೂ ನನಗೆ ಈ ಪ್ರಶ್ನೆ ಬರುತ್ತದೆ, ಕೀಟವೋ ರೋಗವೋ ಎಂದು ವಿಚಾರಿಸದೆಯೇ ಡಬ್ಬಿ ಮಾರುವವರ ಮೇಲೆ ನನಗಿರುವ ಸಿಟ್ಟು ಪ್ರತಿ ಸಲವೂ ಹೆಚ್ಚುತ್ತದೆ.

ಮೊದಲು ಗಿಡದ ಬುಡಕ್ಕೆ ಬಗ್ಗಿ ನೋಡಿ. ಇರುವೆಗಳು ಸಾಲುಗಟ್ಟಿ ಹತ್ತುತ್ತಿದ್ದರೆ ನಿಮ್ಮ ಕೆಲಸ ಅಲ್ಲಿಂದಲೇ ಆರಂಭವಾಗಬೇಕು. ತಿಗಣೆ ರಸ ಹೀರಿ ಹೊರಹಾಕುವ ಸಿಹಿ ಅಂಟಿನ ಆಸೆಗೆ ಇರುವೆಗಳು ಅದನ್ನು ಕಾಯುತ್ತವೆ, ತಿನ್ನಲು ಬರುವ ಹುಳುಗಳನ್ನು ಓಡಿಸುತ್ತವೆ. ಎಲೆಗಳ ಮೇಲಿನ ಕಪ್ಪು ಮಸಿ ಬೆಳೆಯುವುದೂ ಅದೇ ಅಂಟಿನ ಮೇಲೆ. ಗೋಡೆಗೆ ತಾಗುವ ರೆಂಬೆಗಳನ್ನು ಕತ್ತರಿಸಿ, ಕಾಂಡಕ್ಕೆ ಬಟ್ಟೆ ಸುತ್ತಿ ಅದರ ಮೇಲೆ ಗ್ರೀಸ್ ಹಚ್ಚಿ. ಹೆಚ್ಚು ಮೆತ್ತಿಕೊಂಡ ಕುಡಿಗಳಿಗೆ ಮೊದಲೇ ಚೀಲ ತೊಡಿಸಿ, ಅಲುಗಿಸದೆ ಕತ್ತರಿಸಿ ಸುಟ್ಟುಬಿಡಿ. ಗೊಬ್ಬರದ ಗುಂಡಿಗೆ ಎಸೆದರೆ ಮರಿಗಳು ಅಲ್ಲಿಂದ ಹರಡುತ್ತವೆ. ಉಳಿದ ಭಾಗಕ್ಕೆ ಲೀಟರ್ ನೀರಿಗೆ 5 ಮಿ.ಲೀ. ಬೇವಿನ ಎಣ್ಣೆಯನ್ನು ಸ್ವಲ್ಪ ಮೃದು ಸೋಪಿನೊಂದಿಗೆ ಕದಡಿ, ಸಂಜೆ ಹೊತ್ತು, ಎಲೆಯ ತಳಭಾಗ ತೋಯುವಂತೆ ಸಿಂಪಡಿಸಿ. ಮೇಣದ ಚೀಲದೊಳಗಿನ ಮೊಟ್ಟೆಗಳು ಉಳಿದುಕೊಳ್ಳುವುದರಿಂದ ವಾರ, ಹತ್ತು ದಿನ ಬಿಟ್ಟು ಮತ್ತೆ ಸಿಂಪಡಿಸಲೇಬೇಕು.

ಸಿಂಪಡಿಸುವ ಮುನ್ನ ಒಂದು ಮಾತು. ಒಮ್ಮೆ ಒಬ್ಬ ಗೃಹಿಣಿ ‘ಎಷ್ಟು ಕೊಂದರೂ ದೊಡ್ಡವು ಮತ್ತೆ ಬರುತ್ತಿವೆ’ ಎಂದು ಒಂದು ರೆಂಬೆ ತಂದು ತೋರಿಸಿದರು. ಮಸೂರದಡಿ ನೋಡಿದರೆ, ಅವರು ಹೊಸಕಿ ಹಾಕುತ್ತಿದ್ದ ಆ ‘ದೊಡ್ಡವು’ ಕ್ರಿಪ್ಟೊಲೀಮಸ್ ಎಂಬ ಗುಲಗಂಜಿ ಹುಳುವಿನ ಮರಿಗಳಾಗಿದ್ದವು. ಕಾಫಿ ಗಿಡದ ರಸ ಹೀರುವ ಹಸಿರು ಶಲ್ಕ ಕೀಟವನ್ನು ಹತೋಟಿಗೆ ತರಲೆಂದು 1898ರಲ್ಲಿ ಆಸ್ಟ್ರೇಲಿಯಾದಿಂದ ತಂದ ಈ ಹುಳು ಇಲ್ಲಿ ನೆಲೆಸಿ, ಹಿಟ್ಟು ತಿಗಣೆಯ ದೊಡ್ಡ ಶತ್ರುವಾಯಿತು. ಮರಿಯ ಮೈಮೇಲೂ ಉದ್ದನೆಯ ಬಿಳಿ ಮೇಣದ ಎಳೆಗಳಿರುತ್ತವೆ. ಆದರೆ ಕಡ್ಡಿಯಿಂದ ಮುಟ್ಟಿದರೆ ಅದು ಚುರುಕಾಗಿ ಓಡುತ್ತದೆ, ತಿಗಣೆ ಬಹುಮಟ್ಟಿಗೆ ಇದ್ದಲ್ಲೇ ಇರುತ್ತದೆ. ಓಡುವುದನ್ನು ಕೊಲ್ಲಬೇಡಿ. ನಿಮ್ಮ ಗಿಡದಲ್ಲಿ ಅವು ಇದ್ದರೆ ಬೇವಿನ ಎಣ್ಣೆಯೂ ಬೇಡ, ಇರುವೆಯನ್ನಷ್ಟೇ ತಡೆದು ಕಾಯಿರಿ.

ಪ್ರಶ್ನೆ: ಕುಂಡದ ಮೆಣಸಿನ ಗಿಡದ ಎಲೆ ಮುದುಡಿದೆ. ವೈರಸ್ಸೇ?

ಉತ್ತರ: ಎಲೆಯಂಚು ದೋಣಿಯಂತೆ ಮೇಲಕ್ಕೆ ಮಡಚಿದ್ದರೆ ಸಾಮಾನ್ಯವಾಗಿ ಥ್ರಿಪ್ಸ್ ಎಂಬ ರಸ ಹೀರುವ ಪುಟ್ಟ ಕೀಟ, ಕೆಳಕ್ಕೆ ಮಗುಚಿದ್ದರೆ ಮೈಟ್ ನುಸಿ. ಮೈಟ್ ಜೇಡದ ಬಳಗದ್ದು, ಕೀಟವೇ ಅಲ್ಲದ ಕಾರಣ ಥ್ರಿಪ್ಸ್‌ಗೆ ಕೊಡುವ ಔಷಧಿಗಳಲ್ಲಿ ಬಹುಪಾಲು ಅದಕ್ಕೆ ನಾಟುವುದಿಲ್ಲ. ಎಲೆಯನ್ನು ತಿರುವಿ ನೋಡದೆ ಏನನ್ನೂ ಕೊಳ್ಳಬೇಡಿ.

ಪ್ರಶ್ನೆ: ಬಟ್ಟೆ ಸೋಪಿನ ಪುಡಿ, ವಿನೆಗರ್ ಮತ್ತು ಸೀಮೆಎಣ್ಣೆ ಬೆರೆಸಿ ಸಿಂಪಡಿಸುವ ವಿಡಿಯೊ ನೋಡಿದೆ. ಮಾಡಬಹುದೇ?

ಉತ್ತರ: ಬೇಡ, ಎಲೆ ಸುಡುತ್ತದೆ.

ಪ್ರಶ್ನೆ: ಹೂಬಿಟ್ಟ ಮಾವಿನಲ್ಲಿ ಜಿಗಿಹುಳು ಕಂಡಿದೆ. ಇಮಿಡಾಕ್ಲೋಪ್ರಿಡ್ ಕೀಟನಾಶಕ ಹೊಡೆಯಬಹುದೇ?

ಉತ್ತರ: ಹೂ ಅರಳಿದ ಮೇಲೆ ಖಂಡಿತ ಕೂಡದು. ಕಾಯಿ ಕಚ್ಚಲು ನೆರವಾಗುವ ನೊಣ, ಜೇನುಗಳೂ ಅದರಿಂದ ಸಾಯುತ್ತವೆ. ಮುಂದಿನ ವರ್ಷ ಹೂಗೊಂಚಲು ಹೊರಡುವಾಗಲೇ ಬೇವಿನ ಎಣ್ಣೆ ಸಿಂಪಡಿಸಿ, ಅದಕ್ಕೂ ಮುನ್ನ, ಕೊಯ್ಲಾದ ಕೂಡಲೇ, ನೆತ್ತಿಯ ದಟ್ಟ ರೆಂಬೆಗಳನ್ನು ಸವರಿ ಮರದೊಳಗೆ ಬಿಸಿಲು ಬೀಳುವಂತೆ ಮಾಡಿ.