ಹೊಳೆಗೆ ಹಸಿರು ಬಣ್ಣ ಹಾಕಿದರೆ ಹಬ್ಬವೇ?

(ದಾವಣಗೆರೆಯ ನಿವೃತ್ತ ಶಿಕ್ಷಕರೊಬ್ಬರ ಪತ್ರ: “ಕಳೆದ ಸಂಚಿಕೆಯಲ್ಲಿ ಷಿಕಾಗೊದ ಹಸಿರು ನದಿಯ ಫೋಟೋ ಹಾಕಿ ‘ಐರಿಷ್ ಹಬ್ಬ’ ಎಂದು ಬರೆದಿದ್ದೀರಿ. ಅದು ಅಮೆರಿಕದವರು ಕುಡಿಯಲು ಮಾಡಿಕೊಂಡ ನೆಪ. ನಿಜವಾದ ಹಬ್ಬ ಐರ್ಲೆಂಡಿನದು. ಮಾರ್ಚ್‌ನಲ್ಲಿ ಡಬ್ಲಿನ್‌ನಲ್ಲಿರುವ ಮಗಳ ಮನೆಗೆ ಹೋಗುತ್ತಿದ್ದೇನೆ. ನಾನೇ ನೋಡಿ ಬರುತ್ತೇನೆ.”)

ನಮಸ್ಕಾರ ಮೇಷ್ಟ್ರೇ,

ಕುಡಿತದ ಬಗ್ಗೆ ನೀವು ಹೇಳಿದ್ದು ಸರಿ. ಮಾರ್ಚ್ 17, ಅಂದರೆ ಐರ್ಲೆಂಡಿನ ಪಾಲಕ ಸಂತನ ಹೆಸರಿನ ಸೇಂಟ್ ಪ್ಯಾಟ್ರಿಕ್ ದಿನ, ಬಿಯರ್ ಮಾರುವವರಿಗೆ ಸುಗ್ಗಿ. ಆದರೆ ಐರ್ಲೆಂಡಿನದೊಂದೇ ಅಸಲಿ, ಉಳಿದದ್ದೆಲ್ಲ ನಕಲಿ ಅನ್ನುವುದನ್ನು ನಾನು ಒಪ್ಪಲಾರೆ.

ಮೆರವಣಿಗೆಯನ್ನೇ ತಗೊಳ್ಳಿ. ನ್ಯೂಯಾರ್ಕ್‌ನಲ್ಲಿ ಅದು ಶುರುವಾದದ್ದು 1762ರಲ್ಲಿ. ಅಮೆರಿಕ ಆಗಿನ್ನೂ ಸ್ವತಂತ್ರ ದೇಶವೇ ಆಗಿರಲಿಲ್ಲ. ಡಬ್ಲಿನ್‌ನಲ್ಲಿ ಸರ್ಕಾರವೇ ನಿಂತು ಮೆರವಣಿಗೆ ನಡೆಸಿದ್ದು 1931ರಲ್ಲಿ! ಅಲ್ಲಿಯವರಿಗೆ ಇದು ಬಹಳ ಕಾಲ ಚರ್ಚಿನ ದಿನ. ಬೆಳಿಗ್ಗೆ ಪೂಜೆ, ಕೋಟಿಗೆ ಸಿಕ್ಕಿಸಿದ ಶ್ಯಾಮ್‌ರಾಕ್ (ಐರ್ಲೆಂಡಿನ ಗುರುತಾದ ಮೂರು ದಳದ ಹಸಿರು ಎಲೆ), ಮನೆಯಲ್ಲಿ ಊಟ, ಅಷ್ಟೇ. 1920ರ ದಶಕದಿಂದ ಸುಮಾರು 1960ರವರೆಗೆ ಆ ದಿನ ಪಬ್ ತೆರೆಯುವುದಕ್ಕೆ ಕಾನೂನೇ ಅಡ್ಡಿ. ಡಬ್ಲಿನ್‌ನ ನಾಯಿ ಪ್ರದರ್ಶನದಲ್ಲಿ ಮಾತ್ರ ಪಾನೀಯ ಸಿಗುತ್ತಿತ್ತು. ಹಾಗಾಗಿ ನಾಯಿ ಕಂಡರೆ ಆಗದವರೂ ಅಲ್ಲಿಗೆ ಹೋಗುತ್ತಿದ್ದರು. ಈಗ ನೀವು ನೋಡಲಿರುವ ದೊಡ್ಡ ಉತ್ಸವ ಆರಂಭವಾದದ್ದು 1996ರಲ್ಲಿ. ಷಿಕಾಗೊದ ಹಸಿರು ಹೊಳೆ ಅದಕ್ಕಿಂತ 34 ವರ್ಷ ಹಳೆಯದು.

ಆ ಹೊಳೆಯ ಕಥೆ ಸ್ವಾರಸ್ಯವಾಗಿದೆ. ಯಾವ ಕಟ್ಟಡದವರು ಕದ್ದುಮುಚ್ಚಿ ನದಿಗೆ ಕೊಳಚೆ ಬಿಡುತ್ತಿದ್ದಾರೆ ಎಂದು ಪತ್ತೆ ಮಾಡಲು ಅಲ್ಲಿನ ಪ್ಲಂಬರ್‌ಗಳು ಪೈಪಿಗೆ ಒಂದು ಬಣ್ಣ ಸುರಿಯುತ್ತಿದ್ದರು. ಒಬ್ಬನ ಬಟ್ಟೆಗೆ ಮೆತ್ತಿದ್ದ ಹಸಿರು ಕಂಡು ಅವರ ಸಂಘದ ಮುಖಂಡನಿಗೆ ಹೊಳೆಯಿತು: ಇಡೀ ನದಿಗೇ ಹಾಕಿದರೆ? 1962ರಲ್ಲಿ ಸುಮಾರು 45 ಕಿಲೋ ಸುರಿದರು. ಜಾಸ್ತಿಯಾಯಿತು, ವಾರವಿಡೀ ನದಿ ಹಸಿರಾಗಿಯೇ ಇತ್ತು. ಈಗ ಹಾಕುವುದು ಸಸ್ಯಮೂಲದ ಪುಡಿ. ದೋಣಿಯಿಂದ ಉದುರಿಸುವಾಗ ಅದು ಕಿತ್ತಳೆ ಬಣ್ಣ, ನೀರಿಗೆ ಬಿದ್ದ ಮೇಲೆ ಹಸಿರು. ಕೆಲಸ ಇವತ್ತಿಗೂ ಪ್ಲಂಬರ್‌ಗಳದೇ.

ಇದನ್ನು ಸುಮ್ನೆ ತಮಾಷೆ ಅನ್ನಬಹುದು. ಆದರೆ ಆ ಊರುಗಳಿಗೆ ಐರಿಷರು ಹೇಗೆ ಬಂದರು ನೋಡಿ. 1845ರಿಂದ ಐರ್ಲೆಂಡಿನಲ್ಲಿ ಬಡವರ ಮುಖ್ಯ ಆಹಾರವಾಗಿದ್ದ ಆಲೂಗಡ್ಡೆ ಬೆಳೆಗೆ ರೋಗ ಬಿತ್ತು. ಸುಮಾರು ಹತ್ತು ಲಕ್ಷ ಜನ ಸತ್ತರು, ಹೆಚ್ಚುಕಡಿಮೆ ಅಷ್ಟೇ ಜನ ದೇಶ ಬಿಟ್ಟರು. ಅಮೆರಿಕದಲ್ಲಿ ಇವರನ್ನು ಕಂಡರೆ ಮೂಗು ಮುರಿಯುವವರು ಬಹಳ. ಅಂಥಲ್ಲಿ ಬೀದಿ ತುಂಬ ಸಾಲುಗಟ್ಟಿ ನಡೆಯುವುದೆಂದರೆ ‘ನಾವು ಇಷ್ಟು ಜನ ಇದ್ದೇವೆ, ನಮಗೂ ವೋಟಿದೆ’ ಎಂದು ತೋರಿಸಿದಂತೆ.

ನನಗೆ ಎಲ್ಲಕ್ಕಿಂತ ಮುಖ್ಯ ಅನಿಸುವುದು ಕೆರಿಬಿಯನ್‌ನ ಪುಟ್ಟ ದ್ವೀಪ ಮಾಂಟ್‌ಸೆರಟ್. 17ನೇ ಶತಮಾನದಲ್ಲಿ ಅಲ್ಲಿ ನೆಲೆಸಿದ ಐರಿಷರಲ್ಲಿ ಕೆಲವರು ಕಬ್ಬಿನ ತೋಟ ಮಾಡಿ, ಆಫ್ರಿಕಾದ ಗುಲಾಮರನ್ನು ದುಡಿಸಿಕೊಂಡರು. 1768ರ ಮಾರ್ಚ್ 17ರಂದು ಧಣಿಗಳು ಹಬ್ಬದಲ್ಲಿ ಮೈಮರೆತಿರುತ್ತಾರೆ, ಆಗಲೇ ದಂಗೆ ಏಳಬೇಕು ಎಂದು ಗುಲಾಮರು ಗುಟ್ಟಾಗಿ ಹೂಡಿದರು. ಸುದ್ದಿ ಸೋರಿತು. ಹಲವರ ಪ್ರಾಣ ಹೋಯಿತು. 1985ರಿಂದ ಮಾರ್ಚ್ 17 ಅಲ್ಲಿ ಸಾರ್ವಜನಿಕ ರಜೆ. ಶ್ಯಾಮ್‌ರಾಕ್, ಹಸಿರು ಬಟ್ಟೆ ಎಲ್ಲ ಇರುತ್ತದೆ. ಆದರೆ ನೆನೆಯುವುದು ದಂಗೆ ಹೂಡಿದವರನ್ನು. ಜೊತೆಗೆ ಮುಖವಾಡದ ಕುಣಿತ, ಮೇಕೆ ಮಾಂಸದ ಸಾರು. ಇದು ಯಾರ ಹಬ್ಬ ಹೇಳಿ? ಐರಿಷರದೋ, ಐರಿಷ್ ಧಣಿಗಳ ವಿರುದ್ಧ ಎದ್ದವರದೋ? ಆ ದ್ವೀಪದವರು ಎರಡನ್ನೂ ಬಿಟ್ಟುಕೊಟ್ಟಿಲ್ಲ. ಇದನ್ನು ನಕಲಿ ಅನ್ನಲು ನನಗೆ ಬಾಯಿ ಬರುವುದಿಲ್ಲ.

ಉಳಿದ ಕಡೆಯದು ಹೆಚ್ಚಾಗಿ ದೀಪದ ಅಲಂಕಾರ. 2010ರಲ್ಲಿ ಸಿಡ್ನಿಯ ಒಪೇರಾ ಹೌಸ್‌ಗೆ ಹಸಿರು ಬೆಳಕು ಹಾಕಿ ಶುರು ಮಾಡಿದ್ದು ಐರ್ಲೆಂಡಿನ ಪ್ರವಾಸೋದ್ಯಮದವರೇ. ಅದು ಜಾಹೀರಾತು ಎಂದು ನೀವು ಹೇಳಿದರೆ ನನ್ನ ತಕರಾರಿಲ್ಲ.

ನೀವು ಹೋಗುತ್ತಿರುವುದು ಬಹಳ ಸಂತೋಷ. ಡಬ್ಲಿನ್ ಮೆರವಣಿಗೆ ಸಾಮಾನ್ಯವಾಗಿ ಮಧ್ಯಾಹ್ನ 12ಕ್ಕೆ ಪಾರ್ನೆಲ್ ಸ್ಕ್ವೇರ್‌ನಿಂದ ಹೊರಟು ಓಕಾನೆಲ್ ಬೀದಿಯಲ್ಲಿ ಬರುತ್ತದೆ. ಜನ ಬಹಳ, ಬೇಗ ಹೋಗಿ ಜಾಗ ಹಿಡಿಯಿರಿ. ಮಾರ್ಚ್ ಅಂತ ನಮ್ಮ ಸೆಕೆ ನೆನೆಸಿಕೊಂಡು ಹೋಗಬೇಡಿ, ಅಲ್ಲಿ ಇನ್ನೂ ಚಳಿ. ಸ್ವೆಟರ್, ಮಳೆಗೆ ಒಂದು ಜರ್ಕಿನ್ ಇರಲಿ. ಬಂದ ಮೇಲೆ ಬರೆದು ಕಳಿಸಿ, ಫೋಟೋ ಸಮೇತ ಹಾಕುತ್ತೇವೆ.

– ಸಂಪಾದಕ