ಜಾಕಿ ಬ್ರೆನ್‌ಸ್ಟನ್ ಆಮೇಲೆ ಏನಾದ?

'ರಾಕೆಟ್ 88' ಅನ್ನೋ ಹಳೇ ಅಮೆರಿಕನ್ ಹಾಡು ಹಾಡಿದವನು ಆಮೇಲೆ ಎಲ್ಲಿ ಹೋದ ಅಂತ ಕೇಳಿದ್ದೀರಲ್ವಾ? ಜಾಕಿ ಬ್ರೆನ್‌ಸ್ಟನ್ ಮಿಸಿಸಿಪ್ಪಿಯ ಕ್ಲಾರ್ಕ್ಸ್‌ಡೇಲ್‌ನವನು. ಪಿಯಾನೊ ವಾದಕ ಐಕ್ ಟರ್ನರ್‌ನ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನ್ ಊದುತ್ತಿದ್ದ. 1951ರ ಮಾರ್ಚಿನಲ್ಲಿ 'ರಾಕೆಟ್ 88' ರೆಕಾರ್ಡ್ ಮಾಡಲು ಮೆಂಫಿಸ್‌ನ ಸ್ಯಾಮ್ ಫಿಲಿಪ್ಸ್ ಸ್ಟುಡಿಯೋಗೆ ಬರುವಾಗ ಗಿಟಾರಿನ ಆಂಪ್ಲಿಫೈಯರ್ ಕೆಟ್ಟಿತ್ತು. ಹರಿದ ಸ್ಪೀಕರಿಗೆ ಕಾಗದ ತುರುಕಿ ಹಾಗೇ ನುಡಿಸಿದರು. ಆ ಗೊರಗೊರ ಸದ್ದೇ ಹಾಡಿನ ಜೀವ!

ಬ್ಯಾಂಡು ಐಕ್‌ನದು, ರೆಕಾರ್ಡಿನ ಮೇಲೆ ಅಚ್ಚಾದದ್ದು ಮಾತ್ರ ಜಾಕಿ ಹೆಸರು. ಐಕ್‌ಗೆ ಹೊಟ್ಟೆ ಉರಿಯದೆ ಇರುತ್ತಾ? ಹಾಡು ಅಮೆರಿಕದ ಆರ್ ಅಂಡ್ ಬಿ (ರಿದಮ್ ಅಂಡ್ ಬ್ಲೂಸ್) ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ 1ನೇ ಸ್ಥಾನಕ್ಕೇರಿತು. ಜಾಕಿ ಬೇರೆ ತಂಡ ಕಟ್ಟಿದ, ಮುಂದಿನ ಹಾಡುಗಳು ಓಡಲಿಲ್ಲ. ತಿರುಗಿ ಐಕ್ ಬ್ಯಾಂಡಿಗೇ ಬಂದು ಸ್ಯಾಕ್ಸೊಫೋನ್ ಹಿಡಿದ. ಕುಡಿತ ಜಾಸ್ತಿಯಾಯಿತು. ಆಮೇಲೆ ಲಾರಿ ಓಡಿಸಿದ, 1979ರಲ್ಲಿ ಮೆಂಫಿಸ್‌ನಲ್ಲಿ ತೀರಿಕೊಂಡ.

'ರಾಕೆಟ್ 88'ರ ಶುರುವಿನ ಪಿಯಾನೊ ಐಕ್‌ನದೇ. ರಾಕ್ ಗಾಯಕ ಲಿಟಲ್ ರಿಚರ್ಡ್‌ನ 'ಗುಡ್ ಗೋಲಿ ಮಿಸ್ ಮೋಲಿ' ಪಕ್ಕದಲ್ಲಿ ಹಾಕಿ ಕೇಳಿ, ಎರಡರ ಶುರುವೂ ಎಷ್ಟು ಹೋಲುತ್ತೆ ಅಂತ ಗೊತ್ತಾಗುತ್ತೆ.